ಓದುಗರ ಪ್ರಶ್ನೆ: ಮೆಜೆಸ್ಟಿಕ್ಕನ್ನು ಕಟ್ಟಿದವರು ಯಾರು?

ಬೆಂಗಳೂರಿನ ಹಳೆಯ ಪ್ರದೇಶಗಳ ಬಗ್ಗೆ ಪ್ರಶ್ನೆ ಕಳುಹಿಸಿರೆಂದು ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಟಿ ರೈಲ್ವೆ ನಿಲ್ದಾಣವನ್ನೂ ಅದರ ಎದುರಿನ ಮೆಜೆಸ್ಟಿಕ್ ಪ್ರದೇಶವನ್ನೂ ಕುರಿತವಾದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ಬೆಂಗಳೂರಿಗೆ ರೈಲು ಮೊದಲು ಬಂದದ್ದು ದಂಡು ಪ್ರದೇಶಕ್ಕೆ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಮುಖ್ಯ ನಿಲ್ದಾಣದ ಪಟ್ಟ ಮೆಜೆಸ್ಟಿಕ್ ಕಡೆಗೆ ಹೇಗೆ ಹೋಯಿತು?
— ಕಾಲೇಜು ವಿದ್ಯಾರ್ಥಿನಿ, ತುಮಕೂರು

ನೀವು ಓದಿದ್ದು ಸರಿ. 1864ರಲ್ಲಿ ಜೋಲಾರಪೇಟೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ದಂಡು ನಿಲ್ದಾಣದಲ್ಲಿಯೇ ಮುಗಿಯುತ್ತಿತ್ತು. ಆಗ ಬೆಂಗಳೂರು ಒಂದು ಊರಾಗಿರಲಿಲ್ಲ. ಪೂರ್ವಕ್ಕೆ ಬ್ರಿಟಿಷ್ ಸೇನೆಯ ದಂಡು, ಪಶ್ಚಿಮಕ್ಕೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಹಳೆಯ ಪೇಟೆ, ನಡುವೆ ಬಯಲು ಮತ್ತು ಕೆರೆಗಳು. ರೈಲು ಬಂದದ್ದು ಸೇನೆಯ ಅನುಕೂಲಕ್ಕಾಗಿಯೇ ಹೊರತು ಪೇಟೆಯ ವರ್ತಕರಿಗಾಗಿ ಅಲ್ಲ.

ಈ ಲೆಕ್ಕವನ್ನು ಬದಲಿಸಿದ್ದು 1876ರಿಂದ 1878ರವರೆಗಿನ ಭೀಕರ ಬರ. ಮದ್ರಾಸಿನಿಂದ ರೈಲಿನಲ್ಲಿ ಬೆಂಗಳೂರಿನವರೆಗೆ ಬಂದ ಧಾನ್ಯ ಅಲ್ಲಿಂದ ಮುಂದೆ ಎತ್ತಿನ ಗಾಡಿಗಳನ್ನೇ ನೆಚ್ಚಬೇಕಾಗಿತ್ತು, ಬರದಲ್ಲಿ ಎತ್ತುಗಳೂ ಸಾಯುತ್ತಿದ್ದವು. ಸಂಸ್ಥಾನದ ಒಳಗೆ ಹಳಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮೈಸೂರಿನ ಆಡಳಿತಕ್ಕೆ ಆಗ ಮನದಟ್ಟಾಯಿತು. ಬರಪರಿಹಾರದ ಕಾಮಗಾರಿಯಾಗಿ ಕೈಗೆತ್ತಿಕೊಂಡ ಬೆಂಗಳೂರು–ಮೈಸೂರು ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗ 1882ರ ಹೊತ್ತಿಗೆ ಮೈಸೂರಿನವರೆಗೆ ತೆರೆಯಿತು. ಆ ಮಾರ್ಗ ಹೊರಟದ್ದು ಪೇಟೆಯ ವಾಯವ್ಯದ ಅಂಚಿನಿಂದ, ಧರ್ಮಾಂಬುಧಿ ಕೆರೆಯ ಪಕ್ಕದಿಂದ. ದಂಡಿನ ಬ್ರಾಡ್ ಗೇಜ್ (ಅದಕ್ಕಿಂತ ಅಗಲವಾದ) ಹಳಿಯನ್ನೂ 1882ರಲ್ಲಿ ಅಲ್ಲಿಯವರೆಗೆ ಎಳೆದು ತರಲಾಯಿತು. 1884ರಲ್ಲಿ ನಿಮ್ಮ ತುಮಕೂರಿಗೂ ಹಳಿ ಹೋಯಿತು.

ಮುಖ್ಯವಾದ ಸಂಗತಿ ಇರುವುದು ಇಲ್ಲಿ. ಎರಡು ಗೇಜುಗಳು ಸಿಟಿ ನಿಲ್ದಾಣದಲ್ಲಿ ಸಂಧಿಸುತ್ತಿದ್ದವು, ಆದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಮದ್ರಾಸಿನಿಂದ ಮೈಸೂರಿಗೆ ಹೋಗಬೇಕಾದ ಪ್ರತಿಯೊಂದು ಮೂಟೆಯನ್ನೂ ಇಲ್ಲಿ ಇಳಿಸಿ, ಹೊತ್ತು, ಇನ್ನೊಂದು ಗಾಡಿಗೆ ಏರಿಸಬೇಕಾಗಿತ್ತು. ಪ್ರತಿಯೊಬ್ಬ ಪ್ರಯಾಣಿಕನೂ ಇಳಿದು, ಮುಂದಿನ ಗಾಡಿಯ ಹೊತ್ತಿನವರೆಗೆ ಕಾಯಬೇಕಾಗಿತ್ತು. 1990ರ ದಶಕದಲ್ಲಿ ಮೈಸೂರು ಮತ್ತು ಹುಬ್ಬಳ್ಳಿಯ ಮಾರ್ಗಗಳು ಬ್ರಾಡ್ ಗೇಜ್ ಆಗುವವರೆಗೂ, ಅಂದರೆ ನೂರು ವರ್ಷಗಳಿಗೂ ಮಿಕ್ಕಿ, ಈ ತೊಡಕು ಉಳಿದಿತ್ತು. ಹಮಾಲಿಗಳು, ಗಾಡಿಯವರು, ದಲ್ಲಾಳಿಗಳು, ಗೋದಾಮುಗಳು, ಊಟದ ಮನೆಗಳು, ಛತ್ರಗಳು ಇವೆಲ್ಲ ನಿಲ್ದಾಣದ ಸುತ್ತ ಬೆಳೆದದ್ದು ಈ ತೊಡಕಿನಿಂದಲೇ. ರೈಲು ಸರಾಗವಾಗಿ ಹಾದುಹೋಗುತ್ತಿದ್ದರೆ ಮೆಜೆಸ್ಟಿಕ್ ಇಷ್ಟು ದೊಡ್ಡದಾಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕಾಯುತ್ತಿದ್ದ ಜನರೇ ಅದನ್ನು ಕಟ್ಟಿದವರು.

ಪ್ರಶ್ನೆ: ಬಸ್ ನಿಲ್ದಾಣ ಇರುವ ಜಾಗ ಹಿಂದೆ ಕೆರೆಯಾಗಿತ್ತು ಎಂದು ಹಿರಿಯರು ಹೇಳುತ್ತಾರೆ. ಕೆರೆಯನ್ನು ಮುಚ್ಚಿ ಬಸ್ ನಿಲ್ದಾಣ ಕಟ್ಟಿದರೇ?
— ನಿವೃತ್ತ ಶಿಕ್ಷಕರು, ಚಿಕ್ಕಬಳ್ಳಾಪುರ

ಅಷ್ಟು ನೇರವಾಗಿ ಅಲ್ಲ. ಕೆರೆ ಸತ್ತು ಬಹಳ ಕಾಲವಾದ ಮೇಲೆ ಬಸ್ ನಿಲ್ದಾಣ ಬಂತು.

ಧರ್ಮಾಂಬುಧಿ ಕೆರೆಯನ್ನು ಕಟ್ಟಿಸಿದವನು ಕೆಂಪೇಗೌಡ ಎಂಬುದು ನಡೆದುಬಂದ ನಂಬಿಕೆ. ಹತ್ತಿರದಲ್ಲಿ ನದಿಯಿಲ್ಲದ ಈ ಊರು ಮಳೆನೀರನ್ನು ಕೆರೆಯಿಂದ ಕೆರೆಗೆ ಕಾಲುವೆಗಳಲ್ಲಿ ಹರಿಸಿಕೊಂಡು ಬದುಕಿತ್ತು, ಪೇಟೆಯ ಜನರಿಗೆ ಧರ್ಮಾಂಬುಧಿ ನೀರಿನ ಮುಖ್ಯ ಆಸರೆಗಳಲ್ಲಿ ಒಂದಾಗಿತ್ತು. ಮೇಲಿನಿಂದ ನೀರು ತರುತ್ತಿದ್ದ ಹರಿವನ್ನು ರೈಲಿನ ಮಣ್ಣಿನ ಏರಿಗಳು ಮತ್ತು ಆಮೇಲೆ ಎದ್ದ ಕಟ್ಟಡಗಳು ತಡೆದವು. ಅದೇ ಹೊತ್ತಿಗೆ, 1890ರ ದಶಕದಲ್ಲಿ, ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿತು. ಮನೆಗೆ ನಲ್ಲಿ ಬಂದ ಮೇಲೆ ಕೆರೆಯ ಹೂಳು ತೆಗೆಸುವವರು ಯಾರು? ಹಳಿ ಮಾಡಿದ ಹಾನಿಯನ್ನು ಎಲ್ಲರೂ ಹೇಳುತ್ತಾರೆ; ನಲ್ಲಿಯ ಪಾಲೂ ಅದಕ್ಕಿಂತ ಕಡಿಮೆಯದಲ್ಲ ಎಂದು ನನಗೆ ತೋರುತ್ತದೆ, ಏಕೆಂದರೆ ಊರಿಗೆ ಆ ಕೆರೆ ನಿಜವಾಗಿಯೂ ಬೇಕಾಗಿದ್ದರೆ ಏರಿಯ ಅಡಿಯಲ್ಲಿ ನೀರಿಗೆ ದಾರಿ ಬಿಡಿಸುವುದು ಅಂದಿನ ಎಂಜಿನಿಯರುಗಳಿಗೆ ಕಷ್ಟದ ಕೆಲಸವೇನೂ ಆಗಿರಲಿಲ್ಲ.

ಒಣಗಿದ ಕೆರೆಯಂಗಳ ಮೈದಾನವಾಯಿತು. ಅದಕ್ಕೆ ಸುಭಾಷ್‌ನಗರ ಎಂಬ ಹೆಸರು ಬಿತ್ತು. ಸಭೆಗಳು, ವಸ್ತುಪ್ರದರ್ಶನಗಳು ಅಲ್ಲಿ ನಡೆಯುತ್ತಿದ್ದವು. 1960ರ ದಶಕದಲ್ಲಿ ಸರ್ಕಾರಿ ಬಸ್ಸುಗಳಿಗೆ ದೊಡ್ಡ ನಿಲ್ದಾಣ ಬೇಕಾದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಯಿತು: ಸಮತಟ್ಟಾದ ನೆಲ, ಯಾರ ಮನೆಯನ್ನೂ ಕೆಡವಬೇಕಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ರೈಲಿನಿಂದ ಇಳಿದವನು ರಸ್ತೆ ದಾಟಿದರೆ ಬಸ್ಸು. ಹೀಗೆ ರೈಲಿನ ಏರಿಯಿಂದ ಬತ್ತಿದ ಕೆರೆ ರೈಲಿನ ಪ್ರಯಾಣಿಕರಿಗಾಗಿಯೇ ಬಸ್ ನಿಲ್ದಾಣವಾಯಿತು.

ಕೆರೆಯ ಗುರುತುಗಳು ಪೂರ್ತಿಯಾಗಿ ಅಳಿದಿಲ್ಲ. ಟ್ಯಾಂಕ್ ಬಂಡ್ ರಸ್ತೆ ಎಂಬ ಫಲಕ ಇಂದಿಗೂ ಇದೆ. ಊರದೇವತೆಯಾದ ಅಣ್ಣಮ್ಮನ ಗುಡಿ ಕೆರೆಯ ದಡದಲ್ಲಿದ್ದುದು; ಈಗ ಅದರ ಎದುರು ಹಗಲೂ ರಾತ್ರಿ ಬಸ್ಸುಗಳ ಸದ್ದು.

ಪ್ರಶ್ನೆ: "ಮೆಜೆಸ್ಟಿಕ್" ಎಂಬುದು ಯಾರಿಟ್ಟ ಹೆಸರು?
— ಓದುಗರು, ಸಾಗರ

ಯಾರೂ ಇಟ್ಟದ್ದಲ್ಲ. ಅಲ್ಲಿ ಮೆಜೆಸ್ಟಿಕ್ ಎಂಬ ಚಿತ್ರಮಂದಿರವಿತ್ತು. ಚಿತ್ರಮಂದಿರ ಹೋಯಿತು, ಹೆಸರು ಉಳಿಯಿತು. ಸರ್ಕಾರಿ ಕಾಗದದಲ್ಲಿ ಅದು ಕೆಂಪೇಗೌಡ ಬಸ್ ನಿಲ್ದಾಣ, ಕಂಡಕ್ಟರ್ ಕೂಗುವುದು ಮೆಜೆಸ್ಟಿಕ್. ಹಾಗೆಯೇ ರೈಲ್ವೆ ನಿಲ್ದಾಣಕ್ಕೆ 2016ರಿಂದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ, ಆದರೂ ಹಳಬರ ಬಾಯಲ್ಲಿ ಅದು ಸಿಟಿ ಸ್ಟೇಷನ್.

ಪ್ರಶ್ನೆ: ನಮ್ಮ ತಂದೆಯವರು ಓದಿದ್ದು ತೋಟದಪ್ಪನವರ ಛತ್ರದಲ್ಲಿ ಇದ್ದುಕೊಂಡು. ಈಗ ನನ್ನ ಮಗ ಕೆಲಸದ ಸಂದರ್ಶನಕ್ಕೆ ಹೋಗುವಾಗ ಮೆಜೆಸ್ಟಿಕ್ಕಿನಲ್ಲಿ ಉಳಿಯುತ್ತೇನೆಂದರೆ ನೆಂಟರೆಲ್ಲ ಬೇಡವೆನ್ನುತ್ತಾರೆ. ಛತ್ರಕ್ಕೆ ಹೆಸರಾದ ಜಾಗಕ್ಕೆ ಇಂಥ ಕೆಟ್ಟ ಹೆಸರು ಹೇಗೆ ಬಂತು?
— ಗೃಹಿಣಿ, ತಿಪಟೂರು

ನಿಮ್ಮ ಪತ್ರದಲ್ಲಿರುವ ಎರಡೂ ಮಾತುಗಳಿಗೆ ಮೂಲ ಒಂದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೈಲು ಬಂದ ಮೊದಲ ದಶಕಗಳಲ್ಲಿ ಹಳ್ಳಿಯಿಂದ ಬಂದವರಿಗೆ ಬೆಂಗಳೂರಿನಲ್ಲಿ ತಂಗಲು ನೆಂಟರ ಮನೆ ಬಿಟ್ಟರೆ ಇದ್ದ ನೆಲೆಗಳು ಕಡಿಮೆ. ಹಣ ಕೊಟ್ಟು ಊಟ ಮಾಡುವುದನ್ನೂ, ಗುರುತಿಲ್ಲದವರ ನಡುವೆ ಮಲಗುವುದನ್ನೂ ಅಂದಿನ ಮಡಿವಂತ ಸಮಾಜ ಒಪ್ಪುತ್ತಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು ಛತ್ರಗಳು. ನಿಲ್ದಾಣದ ಬಳಿಯ ಸುಬೇದಾರ್ ಛತ್ರದ ರಸ್ತೆ ಹೆಸರಿನಲ್ಲೇ ಅದನ್ನು ಉಳಿಸಿಕೊಂಡಿದೆ. ಗುಬ್ಬಿಯ ವರ್ತಕರಾದ ತೋಟದಪ್ಪನವರು 1897ರಲ್ಲಿ ನಿಲ್ದಾಣಕ್ಕೆ ಎದುರಾಗಿಯೇ ಜಾಗ ಕೊಂಡು ತಮ್ಮ ಧರ್ಮಸಂಸ್ಥೆಯನ್ನು ಆರಂಭಿಸಿದರು. ಪ್ರಯಾಣಿಕರಿಗೆ ಛತ್ರ, ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ ಎಂಬುದು ಅದರ ಉದ್ದೇಶ. 1903ರಲ್ಲಿ ಅದನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ದಾನಿಗಳು ಸಾಮಾನ್ಯವಾಗಿ ದೇವಸ್ಥಾನದ ಬಳಿ ಛತ್ರ ಕಟ್ಟಿಸುವುದು ರೂಢಿ. ರೈಲ್ವೆ ನಿಲ್ದಾಣದ ಬಾಗಿಲಿಗೆ ಎದುರಾಗಿ ಕಟ್ಟಿಸಿದ ತೋಟದಪ್ಪನವರು, ಮುಂದಿನ ಕಾಲದ ಯಾತ್ರಿಕ ಎಲ್ಲಿ ಬಂದು ಇಳಿಯುತ್ತಾನೆಂಬುದನ್ನು ಸರಿಯಾಗಿ ಊಹಿಸಿದ್ದರು. ನಿಮ್ಮ ತಂದೆಯವರಂತೆ ಹಳ್ಳಿಯಿಂದ ಬಂದು ಓದಿದ ಎಷ್ಟೋ ಜನರಿಗೆ ಬೆಂಗಳೂರು ತೆರೆದುಕೊಂಡದ್ದು ಅಲ್ಲಿಂದಲೇ.

ಛತ್ರದಲ್ಲಿ ಜಾಗ ಸಾಲದಾದಾಗ, ಜಾತಿ ಮಡಿಗಳ ಕಟ್ಟು ಸಡಿಲವಾದಾಗ ಲಾಡ್ಜುಗಳು ಬಂದವು. ಹೈಕೋರ್ಟಿನಲ್ಲಿ ವ್ಯಾಜ್ಯವಿದ್ದವರು, ವಿಧಾನಸೌಧದಲ್ಲಿ ಕಡತದ ಹಿಂದೆ ಓಡಾಡುವವರು, ಚಿಕ್ಕಪೇಟೆಯಲ್ಲಿ ಮದುವೆಯ ಜವಳಿ ತೆಗೆಯುವವರು, ಎಸ್.ಪಿ. ರಸ್ತೆಯಲ್ಲಿ ವಿದ್ಯುತ್ ಸಾಮಾನು ಕೊಳ್ಳುವ ಅಂಗಡಿಯವರು ಎಲ್ಲರೂ ಇಲ್ಲಿ ಕೋಣೆ ಹಿಡಿಯುತ್ತಾರೆ. ಬೇರೆಡೆ ಹೋಟೆಲುಗಳು ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಬಿಡಿಸಿದರೆ, ಇಲ್ಲಿಯ ಲಾಡ್ಜುಗಳಲ್ಲಿ ಒಳಗೆ ಬಂದ ಹೊತ್ತಿನಿಂದ 24 ಗಂಟೆಯ ಲೆಕ್ಕ ಹಿಡಿಯುವುದು ಇಂದಿಗೂ ಸಾಮಾನ್ಯ. ರೈಲು ನಸುಕಿನ ನಾಲ್ಕಕ್ಕೂ ಬರುತ್ತದೆ, ರಾತ್ರಿ ಹನ್ನೊಂದಕ್ಕೂ ಹೊರಡುತ್ತದೆ. ಊರಿನ ಗಡಿಯಾರಕ್ಕಿಂತ ನಿಲ್ದಾಣದ ವೇಳಾಪಟ್ಟಿಗೆ ಇಲ್ಲಿ ಮರ್ಯಾದೆ ಹೆಚ್ಚು.

ಯಾರೂ ಯಾರನ್ನೂ ಗುರುತಿಸದ, ಎಲ್ಲರೂ ನಾಳೆ ಹೊರಟುಹೋಗುವ ಇಂಥ ಜಾಗದಲ್ಲಿ ಜೇಬುಗಳ್ಳರು, ಮೋಸದ ಮಧ್ಯವರ್ತಿಗಳು ಸೇರಿಕೊಳ್ಳುವುದು ಯಾವ ದೇಶದ ನಿಲ್ದಾಣದ ಮುಂದೆಯೂ ಇರುವುದೇ. ಬದುಕಿಗಾಗಿ ರಾತ್ರಿ ಹೊತ್ತು ರಸ್ತೆಯಲ್ಲಿ ನಿಲ್ಲಬೇಕಾಗಿ ಬಂದ ಹೆಂಗಸರನ್ನೂ ಲೈಂಗಿಕ ಅಲ್ಪಸಂಖ್ಯಾತರನ್ನೂ ಜನ ಅದೇ ಸಾಲಿಗೆ ಸೇರಿಸಿಬಿಡುತ್ತಾರೆ, ಅದು ನ್ಯಾಯವಲ್ಲ. ಅವರು ಆ ಜಾಗಕ್ಕೆ ಅಪಾಯ ತಂದವರಲ್ಲ, ಆ ಜಾಗದ ಅಪಾಯವನ್ನು ಎಲ್ಲರಿಗಿಂತ ಹೆಚ್ಚು ಉಂಡವರು.

ನಿಮ್ಮ ಮಗ ಧಾರಾಳವಾಗಿ ಉಳಿಯಬಹುದು. ಕೋಣೆಯನ್ನು ಮೊದಲೇ ಗೊತ್ತು ಮಾಡಿಕೊಂಡಿರಲಿ, ನಿಲ್ದಾಣದ ಹೊರಗೆ "ಲಾಡ್ಜ್ ಬೇಕಾ ಸಾರ್" ಎಂದು ಹಿಂದೆ ಬೀಳುವವರ ಜೊತೆ ಹೋಗದಿರಲಿ. ರೈಲಿನ ಟಿಕೆಟ್ ಇದ್ದರೆ ನಿಲ್ದಾಣದೊಳಗಿನ ವಿಶ್ರಾಂತಿ ಕೋಣೆಯನ್ನು ಪಿ.ಎನ್.ಆರ್. ಸಂಖ್ಯೆ ಕೊಟ್ಟು ಅಂತರ್ಜಾಲದಲ್ಲಿ ಕಾಯ್ದಿರಿಸಬಹುದು, ಆದರೆ ಅವು ಬೇಗ ತುಂಬುತ್ತವೆ.

ಪ್ರಶ್ನೆ: ಒಂದೇ ರಸ್ತೆಯಲ್ಲಿ ಅಷ್ಟೊಂದು ಚಿತ್ರಮಂದಿರಗಳು ಏಕೆ ಸೇರಿದ್ದವು? ಈಗ ಏಕೆ ಒಂದೊಂದಾಗಿ ಮುಚ್ಚುತ್ತಿವೆ?
— ಓದುಗರು, ದಾವಣಗೆರೆ

ಮುಂದಿನ ಗಾಡಿಗೆ ಮೂರು ಗಂಟೆ ಇರುವವನಿಗೆ ನೆರಳು, ಕುರ್ಚಿ ಮತ್ತು ಕಥೆ ಮೂರನ್ನೂ ಒಂದೇ ಟಿಕೆಟ್ಟಿಗೆ ಕೊಡುವ ಜಾಗ ಚಿತ್ರಮಂದಿರ. ಆದರೆ ಪ್ರಯಾಣಿಕರಿಂದಷ್ಟೇ ಅಷ್ಟು ಕುರ್ಚಿಗಳು ತುಂಬುತ್ತಿರಲಿಲ್ಲ. ಊರಿನ ಎಲ್ಲ ಬಡಾವಣೆಗಳ ಬಸ್ಸುಗಳೂ ಇಲ್ಲಿಗೆ ಬಂದು ಇಲ್ಲಿಂದಲೇ ಹೊರಡುತ್ತಿದ್ದುದರಿಂದ, ಯಾವ ಮೂಲೆಯವನಿಗೂ ಆಟ ಮುಗಿಸಿ ಮನೆಗೆ ಮರಳುವ ಧೈರ್ಯವಿತ್ತು. ಸಾಗರ್, ತ್ರಿವೇಣಿ, ಮೇನಕಾ, ಅನುಪಮ, ಭೂಮಿಕಾ, ಸಂತೋಷ್, ನರ್ತಕಿ, ತ್ರಿಭುವನ್, ಕೈಲಾಶ್, ಕಪಾಲಿ, ಅಲಂಕಾರ್, ಹಿಮಾಲಯ ಹೀಗೆ ಕೆಂಪೇಗೌಡ ರಸ್ತೆ ಮತ್ತು ಅದರ ಅಕ್ಕಪಕ್ಕದ ಹೆಸರುಗಳನ್ನು ಒಂದು ತಲೆಮಾರಿನವರು ಮಗ್ಗಿಯಂತೆ ಹೇಳುತ್ತಾರೆ.

ಇನ್ನೊಂದು ಕಾರಣವನ್ನು ಹೊರಗಿನವರು ಗಮನಿಸುವುದು ಕಡಿಮೆ. ಹಂಚಿಕೆದಾರರ ಕಚೇರಿಗಳು ಪಕ್ಕದ ಗಾಂಧಿನಗರದಲ್ಲಿ ಸೇರಿಕೊಂಡವು. ಚಿತ್ರ ಎಂದರೆ ಭಾರವಾದ ರೀಲಿನ ಡಬ್ಬಗಳಾಗಿದ್ದ ಕಾಲದಲ್ಲಿ ಅವನ್ನು ಜಿಲ್ಲೆಗಳ ಚಿತ್ರಮಂದಿರಗಳಿಗೆ ಬಸ್ಸಿನಲ್ಲಿ, ರೈಲಿನಲ್ಲಿ ಪಾರ್ಸಲ್ ಮಾಡಬೇಕಾಗಿತ್ತು. ನಿಮ್ಮ ದಾವಣಗೆರೆಯ ಶುಕ್ರವಾರದ ಮೊದಲ ಆಟ ಹಿಂದಿನ ರಾತ್ರಿಯೇ ಮೆಜೆಸ್ಟಿಕ್ಕಿನಿಂದ ಹೊರಟಿರುತ್ತಿತ್ತು. ಹೀಗಾಗಿ ಗಾಂಧಿನಗರವೆಂದರೆ ಕನ್ನಡ ಚಿತ್ರೋದ್ಯಮವೆಂದೇ ಪತ್ರಿಕೆಗಳು ಬರೆಯತೊಡಗಿದವು. ಕೆಂಪೇಗೌಡ ರಸ್ತೆಯಲ್ಲಿ "ಮೇನ್ ಥಿಯೇಟರ್" ಸಿಕ್ಕಿತೇ ಇಲ್ಲವೇ, ಅಲ್ಲಿ ಎಷ್ಟು ಎತ್ತರದ ಕಟೌಟ್ ನಿಂತಿತು, ಅಲ್ಲಿ ನೂರು ದಿನ ಓಡಿತೇ ಎಂಬುದರಿಂದ ಚಿತ್ರದ ಅಂತಸ್ತು ನಿರ್ಧಾರವಾಗುತ್ತಿತ್ತು.

ಈಗ ಚಿತ್ರ ಡಬ್ಬದಲ್ಲಿ ಸಾಗುವುದಿಲ್ಲ, ಪ್ರತಿಯೊಂದು ಬಡಾವಣೆಯ ಮಾಲ್‌ನಲ್ಲಿ ಅನೇಕ ಪರದೆಗಳಿವೆ, ಕಾಯುವವನ ಕೈಯಲ್ಲಿಯೇ ಒಂದು ಪರದೆ ಇದೆ. ಇದರ ಮೇಲೆ ಜಾಗದ ಬೆಲೆ. ಬೃಹತ್ ಪರದೆಗೆ ಹೆಸರಾಗಿದ್ದ ಕಪಾಲಿಯನ್ನು 2017ರಲ್ಲಿ ಕೆಡವಿದರು. ಉಳಿದಿರುವ ಕೆಲವು ಚಿತ್ರಮಂದಿರಗಳು ನಡೆಯುತ್ತಿರುವುದು ಲಾಭಕ್ಕಿಂತ ಹೆಚ್ಚಾಗಿ ಮಾಲೀಕರ ಹಟದಿಂದ ಎಂದೇ ನನಗನ್ನಿಸುತ್ತದೆ.

ಪ್ರಶ್ನೆ: ನಿಲ್ದಾಣದ ಮುಂಭಾಗ ಅಷ್ಟು ಗಿಜಿಗುಟ್ಟುವಾಗ ಹಿಂಭಾಗದ ಮಾಗಡಿ ರಸ್ತೆಯ ಕಡೆ ಬೇರೆಯೇ ಊರಿನಂತೆ ಕಾಣುವುದೇಕೆ?
— ಬ್ಯಾಂಕ್ ನೌಕರರು, ವಿಜಯನಗರ, ಬೆಂಗಳೂರು

ಮುಂಭಾಗ ಜನರದ್ದಾದರೆ, ಹಿಂಭಾಗ ಮತ್ತು ತೆಂಕಣ ಮಗ್ಗುಲು ಸರಕಿನದ್ದು, ಕಾರ್ಖಾನೆಯದ್ದು. ಹತ್ತಿ ಬರಬೇಕು, ಬಟ್ಟೆ ಹೋಗಬೇಕು ಎಂದರೆ ಹಳಿಯ ಪಕ್ಕವೇ ಗಿರಣಿ ಇರಬೇಕು. 1884ರ ಬಿನ್ನಿ ಮಿಲ್ ಕಾಟನ್‌ಪೇಟೆಯ ಆಚೆ, ಮಿನರ್ವ ಮಿಲ್ ಮಾಗಡಿ ರಸ್ತೆಯ ಗೋಪಾಲಪುರದಲ್ಲಿ, ರಾಜಾ ಮಿಲ್ ಮಲ್ಲೇಶ್ವರದ ಅಂಚಿನಲ್ಲಿ ಹೀಗೆ ಹಳಿಯನ್ನು ಅಪ್ಪಿಕೊಂಡೇ ಗಿರಣಿಗಳು ನಿಂತಿದ್ದವು. ಅವುಗಳ ಸುತ್ತ ಕಾರ್ಮಿಕರ ವಠಾರಗಳು. ಗೂಡ್ಸ್ ಶೆಡ್ ರಸ್ತೆ ಎಂದು ಜನ ಇಂದಿಗೂ ಕರೆಯುವ ರಸ್ತೆ ಆ ಸರಕಿನ ಓಡಾಟದ್ದೇ. ರಾಜಾ ಮಿಲ್ ಇದ್ದಲ್ಲಿ ಈಗ ದೊಡ್ಡ ಮಾಲ್ ಇದೆ. ಮಿನರ್ವದ ಹೆಸರು ಮಾತ್ರ ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತು, ಏಕೆಂದರೆ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಗಟ್ಟಿಗೊಳಿಸಿದ್ದು ಆ ಗಿರಣಿಯ ಮೊಕದ್ದಮೆಯಲ್ಲಿ. ಹಳಿಯ ಈ ಬದಿಯಿಂದ ಆ ಬದಿಗೆ ದಾಟುವುದು ಬಹುಕಾಲ ಕಷ್ಟವಾಗಿದ್ದುದೂ ಎರಡು ಬದಿಗಳು ಬೇರೆ ಬೇರೆಯಾಗಿ ಬೆಳೆಯಲು ಕಾರಣ. ಈಗ ಹಿಂಬದಿಯಿಂದಲೂ ನಿಲ್ದಾಣಕ್ಕೆ ಪ್ರವೇಶವಿರುವುದರಿಂದ ನಿಮ್ಮ ವಿಜಯನಗರದವರು ಮುಂಭಾಗವನ್ನು ಸುತ್ತಿಕೊಂಡು ಬರಬೇಕಾಗಿಲ್ಲ.

ಪ್ರಶ್ನೆ: ದೂರದ ರೈಲುಗಳು ಬೈಯಪ್ಪನಹಳ್ಳಿಗೆ ಹೋಗುತ್ತಿವೆ, ಎಲ್ಲ ಕಡೆ ಮೆಟ್ರೊ ಬರುತ್ತಿದೆ. ಇನ್ನು ಮೆಜೆಸ್ಟಿಕ್ಕಿನ ಕಾಲ ಮುಗಿಯಿತೇ?
— ಓದುಗರು, ಬೆಳಗಾವಿ

ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ತೆರೆದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾ, ಗುವಾಹಟಿ ಕಡೆಯ ಅನೇಕ ರೈಲುಗಳು ಹೊರಡುತ್ತವೆ. ಯಶವಂತಪುರ ಮೊದಲಿನಿಂದಲೂ ಒಂದು ಪಾಲು ಹೊತ್ತಿದೆ. ಮೈಸೂರಿನ ಕಡೆಯ ಸರ್ಕಾರಿ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ, ತಮಿಳುನಾಡಿನ ಕಡೆಯವು ಶಾಂತಿನಗರಕ್ಕೆ ಸರಿದು ವರ್ಷಗಳೇ ಆದವು. ಜನಸಂದಣಿ ಇಷ್ಟು ಹಂಚಿಹೋದರೂ ಮೆಜೆಸ್ಟಿಕ್ ಬರಿದಾಗಿಲ್ಲ. 2016ರಲ್ಲಿ ನೇರಳೆ, 2017ರಲ್ಲಿ ಹಸಿರು ಮೆಟ್ರೊ ಮಾರ್ಗಗಳು ಇಲ್ಲಿಯ ನೆಲದಡಿಯಲ್ಲಿ ಸಂಧಿಸಿದ ಮೇಲೆ ದಿನವೂ ಹಾದುಹೋಗುವವರು ಹೆಚ್ಚೇ ಆಗಿದ್ದಾರೆ.

ಆದರೆ ಹಾದುಹೋಗುವವನು ಬೇರೆ, ಕಾಯುವವನು ಬೇರೆ. ನಿಮ್ಮ ಊರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗ್ಗೆ ಬಂದಿಳಿದವರು ಹಿಂದೆ ಮೊದಲು ಲಾಡ್ಜಿನಲ್ಲಿ ಸ್ನಾನ, ಆಮೇಲೆ ಹೋಟೆಲಿನಲ್ಲಿ ತಿಂಡಿ, ಸಂಜೆ ಒಂದು ಚಿತ್ರ, ರಾತ್ರಿ ಮರಳುವ ಗಾಡಿ ಎಂದು ಇಡೀ ದಿನದ ಖರ್ಚನ್ನು ಈ ಕೆಲವು ರಸ್ತೆಗಳಲ್ಲಿಯೇ ಮಾಡುತ್ತಿದ್ದರು. ಈಗ ಇಳಿದವರು ನೆಲದಡಿಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಬೇರೆ ಬಡಾವಣೆಯಲ್ಲಿರುತ್ತಾರೆ. ಅವರಿಂದ ಇಲ್ಲಿಯ ಅಂಗಡಿಯವನಿಗೆ ಒಂದು ಲೋಟ ಕಾಫಿಯ ವ್ಯಾಪಾರವೂ ಆಗುವುದಿಲ್ಲ. ಮೆಜೆಸ್ಟಿಕ್ಕಿನ ಸಂಕಟವನ್ನು ಜನರ ಸಂಖ್ಯೆಯಲ್ಲಿ ಅಳೆದರೆ ಸಿಗುವುದಿಲ್ಲ, ಅವರು ಎಷ್ಟು ಹೊತ್ತು ಅಲ್ಲಿರುತ್ತಾರೆಂಬುದರಲ್ಲಿ ಸಿಗುತ್ತದೆ. ನಿಲ್ದಾಣದ ಮರುನಿರ್ಮಾಣದ ಮಾತು ಬಂದಾಗಲೆಲ್ಲ ಎತ್ತರದ ಕಟ್ಟಡ, ಮಳಿಗೆಗಳ ಸಾಲು ಎಂದು ಚಿತ್ರ ತೋರಿಸುತ್ತಾರೆ. ಬಡ ಪ್ರಯಾಣಿಕ ಹಣ ಕೊಡದೆ ಎರಡು ಗಂಟೆ ಕೂರಬಹುದಾದ ಬೆಂಚುಗಳು, ಶುಚಿಯಾದ ಶೌಚಾಲಯ, ರಸ್ತೆಗೆ ಇಳಿಯದೆ ರೈಲಿನಿಂದ ಬಸ್ಸಿಗೆ ಹೋಗುವ ಮಳೆ ತಾಗದ ದಾರಿ ಇವು ಅದರಲ್ಲಿ ಎಷ್ಟಿವೆ ಎಂದು ನಾನು ಮೊದಲು ನೋಡುತ್ತೇನೆ. ಛತ್ರ ಕಟ್ಟಿಸಿದವರಿಗೆ ಗೊತ್ತಿದ್ದ ಈ ಅಗತ್ಯ ಇಂದಿನ ನಕ್ಷೆ ಬರೆಯುವವರಿಗೂ ಗೊತ್ತಿರಬೇಕು.

ಪ್ರಶ್ನೆ: ಎರಡು ರೈಲುಗಳ ನಡುವೆ ನಾಲ್ಕು ಗಂಟೆ ಬಿಡುವಿದೆ. ನಡೆದುಕೊಂಡೇ ನೋಡಬಹುದಾದದ್ದು ಏನಿದೆ?
— ಕನ್ನಡಿಗ ಓದುಗರು, ಸೊಲ್ಲಾಪುರ

ನಿಲ್ದಾಣದಿಂದ ಹೊರಬಿದ್ದು ಎದುರಿನ ತೋಟದಪ್ಪನವರ ಛತ್ರವನ್ನು ನೋಡಿ, ಸುಬೇದಾರ್ ಛತ್ರದ ರಸ್ತೆಯಲ್ಲಿ ಅಣ್ಣಮ್ಮನ ಗುಡಿಗೆ ಹೋಗಿ. ಅಲ್ಲಿಂದ ಕೆಂಪೇಗೌಡ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ವೃತ್ತದವರೆಗೆ ನಡೆದರೆ ಉಳಿದಿರುವ ಚಿತ್ರಮಂದಿರಗಳೂ ಅಳಿದವುಗಳ ಜಾಗದಲ್ಲಿ ಎದ್ದ ವಾಣಿಜ್ಯ ಸಂಕೀರ್ಣಗಳೂ ಕಾಣುತ್ತವೆ. ಮರಳುವಾಗ ಚಿಕ್ಕಪೇಟೆ, ಬಳೇಪೇಟೆಗಳ ಓಣಿಗಳಲ್ಲಿ ಬಂದು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾವನ್ನು ನೋಡಿ, ಟ್ಯಾಂಕ್ ಬಂಡ್ ರಸ್ತೆಯಿಂದ ನಿಲ್ದಾಣ ಸೇರಬಹುದು. ಭಾನುವಾರ ಪೇಟೆಯ ಬಹಳಷ್ಟು ಸಗಟು ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ವಾರದ ದಿನವಾದರೆ ಒಳ್ಳೆಯದು. ಸಾಮಾನನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟು ಹೊರಡಿ. ಬೀಗವಿಲ್ಲದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಪ್ರಯಾಣದ ಟಿಕೆಟ್ಟನ್ನೂ ಕೇಳುತ್ತಾರೆ.